ಕೊನೇ ನಲ್ಲಿಯಲ್ಲಿ ಅಳೆಯಿರಿ

ನೀರಿನ ಲೆಕ್ಕ ಕೇಳಿ ನೋಡಿ. ಇಷ್ಟು ಕಿಲೋಮೀಟರ್ ಪೈಪು, ಇಷ್ಟು ಲಕ್ಷ ಲೀಟರಿನ ಟ್ಯಾಂಕು ಅಂತ ಫೈಲು ಬಿಚ್ಚುತ್ತಾರೆ. ಟ್ಯಾಂಕಿನ ಲೆಕ್ಕ ನಮಗ್ಯಾಕೆ? ಕೇರಿಯ ಕೊನೇ ಮನೆಯ ಬಿಂದಿಗೆಗೆ ಏನು ಬಿತ್ತು, ಅದನ್ನು ಹೇಳಲಿ.

ಕಡಕೊಳವನ್ನೇ ತಗೊಳ್ಳಿ. ನಂಜನಗೂಡು ರಸ್ತೆಯ ಈ ಊರಲ್ಲಿ ಕಾರ್ಖಾನೆ ಎದ್ದವು, ಬಡಾವಣೆ ಎದ್ದವು. 2020ರಲ್ಲಿ ಪಟ್ಟಣ ಪಂಚಾಯಿತಿ ಅಂತ ಘೋಷಣೆಯಾಯಿತು. ಸರ್ಕಾರದ ಮಾನದಂಡದಲ್ಲಿ ಹಳ್ಳಿಯವನಿಗೆ ದಿನಕ್ಕೆ 55 ಲೀಟರ್, ಒಳಚರಂಡಿ ಇರುವ ಪಟ್ಟಣದವನಿಗೆ 135. ಬೋರ್ಡು ಬದಲಾದರೆ ಸಾಲದು, ಬಿಂದಿಗೆಯೂ ಬದಲಾಗಬೇಕು.

ಹೊಣೆ ಯಾರದು? 1975ರಲ್ಲಿ ಹುಟ್ಟಿದ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಯೋಜನೆ ಕಟ್ಟುತ್ತದೆ. ಎಷ್ಟೋ ಊರುಗಳಲ್ಲಿ ಕಟ್ಟಿದ ಮೇಲೆ ಪುರಸಭೆ, ಪಂಚಾಯಿತಿಗೆ ಒಪ್ಪಿಸುತ್ತದೆ. ನೀರು ಕೆಟ್ಟರೆ ಇವರು ಅವರ ಕಡೆ, ಅವರು ಇವರ ಕಡೆ ಬೆರಳು ತೋರಿಸೋಕೆ ದಾರಿ ಸುಗಮ.

ನೀರು ಕೆಡೋದು ಹೇಗೆ ಅಂತ ತಿಳಿದುಕೊಳ್ಳಿ. ದಿನಕ್ಕೆ ಒಂದೆರಡು ಗಂಟೆ ಬಿಟ್ಟು ವಾಲ್ವ್ ಮುಚ್ಚಿದರೆ ಪೈಪಿನೊಳಗೆ ಒತ್ತಡ ಇಳಿಯುತ್ತದೆ. ಒಡಕು ಪೈಪು ಮೋರಿಯೊಳಗೆ ಹಾದಿದ್ದರೆ ಮೋರಿಯ ನೀರನ್ನೇ ಹೀರುತ್ತದೆ. ನದಿ ಹತ್ತಿರ ಎಷ್ಟು ಶುದ್ಧ ಮಾಡಿದರೇನು? ಪೈಪಿನ ಬಾಲದಲ್ಲಿರುವವನು ಕುಡಿಯೋದು ಮೋರಿಯನ್ನೇ. ಆ ಬಾಲದಲ್ಲಿ ಯಾರ ಮನೆಗಳಿವೆ ಅಂತ ನಾನು ನಿಮಗೆ ಹೇಳಬೇಕೆ?

ಇದು ಹೆದರಿಸೋ ಮಾತಲ್ಲ. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯ ದಲಿತ ಕೇರಿಯಲ್ಲಿ ನಲ್ಲಿ ನೀರು ಕುಡಿದವರು ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಹಲವರು ಸತ್ತರು. 2024ರ ಮೇ ತಿಂಗಳಲ್ಲಿ ನಮ್ಮ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ವಾಂತಿಭೇದಿಗೆ ಒಬ್ಬ ಯುವಕ ಬಲಿಯಾದ.

ನೀರು ಶುದ್ಧವಿದ್ದರೂ ನಮ್ಮನ್ನು ಅಶುದ್ಧ ಅನ್ನೋರಿದ್ದಾರೆ. ಕಡಕೊಳದಿಂದ ರೈಲು ಹತ್ತಿದರೆ ಚಾಮರಾಜನಗರ. ಆ ತಾಲ್ಲೂಕಿನ ಹೆಗ್ಗೋಠಾರದಲ್ಲಿ 2022ರ ನವೆಂಬರಿನಲ್ಲಿ ದಲಿತ ಹೆಣ್ಣುಮಗಳೊಬ್ಬಳು ತೊಂಬೆ ನೀರು ಕುಡಿದಳು ಅಂತ ತೊಂಬೆ ಖಾಲಿ ಮಾಡಿ ಗಂಜಳ ಹಾಕಿ ತೊಳೆದರು. 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದಾಗಲೂ ಹೀಗೇ. 108 ಮಡಕೆ ಪಂಚಗವ್ಯ ಸುರಿದರು. ನಡುವೆ 95 ವರ್ಷ ಕಳೆದಿದೆ, ಸಂವಿಧಾನವೊಂದು ಬಂದಿದೆ. ಗಂಜಳ ಮಾತ್ರ ಬದಲಾಗಿಲ್ಲ!

ನಮ್ಮ ಸೀಮೆಯ ಎಷ್ಟೋ ಕೆರೆಗಳಿಗೆ ನಮ್ಮ ತಾತಂದಿರೇ ನೀರುಗಂಟಿಗಳು. ತೂಬು ಎತ್ತಿ ಊರವರ ಗದ್ದೆಗೆಲ್ಲ ನೀರು ಹಂಚಿದ ಕೈ, ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ನೀರು ಹಂಚೋ ವಿದ್ಯೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಲೆಕ್ಕ ಕೇಳೋ ವಿದ್ಯೆ ಕಲಿಯಬೇಕು.

ಹಾಸ್ಟೆಲ್ ಗೆಳೆಯರೇ, ರಜೆಗೆ ಊರಿಗೆ ಹೋದಾಗ ಸುಮ್ಮನೆ ಕೂರಬೇಡಿ. ಹನಿ ಹಾಕಿದರೆ ನೀರು ಹಳದಿಗೆ ತಿರುಗೋ ಕ್ಲೋರಿನ್ ಕಿಟ್ ಒಂದು ತಗೊಳ್ಳಿ. ಕೇರಿಯ ಕೊನೇ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇದೆಯಾ? ತಾರೀಖು, ಹೊತ್ತು, ಅಂಕಿ ಬರೆದಿಡಿ. ಮೋರಿಯೊಳಗಿನ ಪೈಪುಗಳನ್ನು ಎಣಿಸಿ. ಹತ್ತು ಜನ ಸಹಿ ಹಾಕಿ ಪಂಚಾಯಿತಿಗೂ ಮಂಡಳಿಗೂ ಕೊಟ್ಟು ಸ್ವೀಕೃತಿ ತಗೊಳ್ಳಿ. ಪ್ರತಿ ವಾರ ಕೊನೇ ನಲ್ಲಿಯ ಅಂಕಿಯನ್ನು ಕೇರಿಯ ಗೋಡೆಯ ಮೇಲೆ ಬರೆಯಬೇಕು ಅಂತ ಪಟ್ಟು ಹಿಡಿಯಿರಿ.

ನೀರು ಅವರ ಭಿಕ್ಷೆಯಲ್ಲ, ನಮ್ಮ ಪಾಲು. ಪಾಲು ಕೇಳೋನು ತಲೆ ಬಗ್ಗಿಸಬೇಕಾಗಿಲ್ಲ.