ಧಾರೆಯೋ, ಛಾಯಾಚಿತ್ರವೋ?

ಕಳೆದ ವರ್ಷ ಸಕಲೇಶಪುರದ ಕಡೆಯ ಒಂದು ರೆಸಾರ್ಟಿನಲ್ಲಿ ನೆರವೇರಿದ ಬಂಧುಗಳ ವಿವಾಹಕ್ಕೆ ಹೋಗಿದ್ದೆನು. ಸ್ಥಳವು ರಮ್ಯವಾದುದೆಂಬುದರಲ್ಲಿ ಸಂದೇಹವಿಲ್ಲ. ಹಿಂದೆ ಹಸುರು ಬೆಟ್ಟ, ಮುಂದೆ ಕಣಿವೆ, ನಡುವೆ ಹೂವಿನ ಮಂಟಪ. ಮುಹೂರ್ತಕ್ಕೆ ಸರಿಯಾಗಿ ಕನ್ಯೆಯ ತಂದೆತಾಯಿಗಳು ಧಾರೆಯೆರೆದರು. ಆ ತಾಯಿಯ ಕಣ್ಣು ತುಂಬಿತು. ನೋಡುತ್ತಿದ್ದ ನಮಗೂ ಕೊರಳು ಬಿಗಿಯಿತು. ಆಗಲೇ ಛಾಯಾಚಿತ್ರಗಾರನು ಕೈಯೆತ್ತಿ, “ಬೆಟ್ಟ ಸರಿಯಾಗಿ ಬೀಳಲಿಲ್ಲ, ಸ್ವಲ್ಪ ಈ ಕಡೆ ತಿರುಗಿ ಇನ್ನೊಮ್ಮೆ ಎರೆಯಿರಿ” ಎಂದನು. ಪುರೋಹಿತರು ಸುಮ್ಮನಾದರು. ತಂದೆತಾಯಿಗಳು ತಿರುಗಿ ನಿಂತು ಇನ್ನೊಮ್ಮೆ ಎರೆದರು. ಈ ಸಲ ತಾಯಿಯ ಕಣ್ಣಿನಲ್ಲಿ ನೀರಿರಲಿಲ್ಲ. ವರನ ಅಜ್ಜಿಯವರು ಮೇಲಿನ ಕೊಠಡಿಯಲ್ಲಿಯೇ ಉಳಿದಿದ್ದರು; ಮಂಟಪಕ್ಕೆ ಇಳಿಯುವ ಕಲ್ಲುಮೆಟ್ಟಿಲುಗಳನ್ನು ಅವರ ಮೊಣಕಾಲು ಸಹಿಸುವಂತಿರಲಿಲ್ಲ. ಗಟ್ಟಿಮೇಳ ಕೇಳಿದೊಡನೆ ಅಲ್ಲಿಂದಲೇ ಅಕ್ಷತೆ ಹಾಕಿದರಂತೆ.

ವಾಚಕ ಮಹಾಶಯರೇ, ಈ ಎರಡು ಧಾರೆಗಳಲ್ಲಿ ಮದುವೆ ಯಾವುದು? ಮೊದಲನೆಯದೆಂದು ನೀವು ಹೇಳುವಿರಿ. ಆದರೆ ಚಿತ್ರಸಂಪುಟದಲ್ಲಿ ಉಳಿದಿರುವುದು ಎರಡನೆಯದು! ಸ್ಥಳವನ್ನು ಚಿತ್ರಕ್ಕಾಗಿ ಆರಿಸಿದ ಮೇಲೆ ಉಳಿದುದೆಲ್ಲವೂ ಚಿತ್ರಕ್ಕೆ ಅಧೀನವಾಗದೆ ಗತಿಯಿಲ್ಲವೆಂಬುದೇ ನನ್ನ ವಾದ.

ನಮ್ಮ ಹಿರಿಯರು ಮದುವೆಗೆ ಸ್ಥಳವನ್ನು ಆರಿಸುತ್ತಿರಲಿಲ್ಲ, ಮಾಡುತ್ತಿದ್ದರು. ಮನೆಯ ಅಂಗಳವನ್ನು ಸಾರಿಸಿ, ಕಂಬ ನೆಟ್ಟು, ತೆಂಗಿನ ಗರಿ ಹೊದಿಸಿ, ಬಾಳೆಯ ಕಂದು ಕಟ್ಟಿ, ಮಾವಿನ ತೋರಣವನ್ನು ಏರಿಸುತ್ತಿದ್ದರು. ಗರಿಯನ್ನು ಒಬ್ಬನು ತಂದರೆ ಹಗ್ಗವನ್ನು ಮತ್ತೊಬ್ಬನು ತರುತ್ತಿದ್ದನು. ಆ ಚಪ್ಪರದ ಸೊಬಗು ಊರವರ ಕೈಗಳ ಸೊಬಗು. ಇಂದಿನ ಸೊಬಗಾದರೋ ಮೊದಲೇ ಸಿದ್ಧವಾಗಿ, ಬೆಲೆಕಟ್ಟಿ, ದಿನದ ಬಾಡಿಗೆಗೆ ನಿಂತಿರುವುದು.

ಹಳೆಯದೆಲ್ಲವೂ ಒಳ್ಳೆಯದೆಂದು ನಾನು ಸಾಧಿಸಹೊರಟಿಲ್ಲ. ಆ ಚಪ್ಪರದಡಿಯಲ್ಲಿಯೇ ಬಾಲ್ಯವಿವಾಹಗಳು ನಡೆದುವು. ವರದಕ್ಷಿಣೆಯ ಹಣ ಎಣಿಸಲ್ಪಟ್ಟಿತು. ಜಾತಿಗೊಂದು ಪಂಕ್ತಿಯೆಂದು ಎಲೆಗಳನ್ನು ಹಾಕಿದರು. ಮನೆಯ ಹೆಂಗಸರು ಒಲೆಯ ಮುಂದೆ ವಾರಗಟ್ಟಲೆ ಬೆಂದರು. ಕಲ್ಯಾಣಮಂಟಪಗಳು ಬಂದು ಅವರ ಬೆನ್ನಿನ ಭಾರವನ್ನು ತಕ್ಕಮಟ್ಟಿಗೆ ಇಳಿಸಿದುದು ಉಪಕಾರವೇ ಸರಿ. ಆದರೆ ದೋಷಗಳನ್ನು ಕಳೆದುಕೊಳ್ಳಲು ಹೊರಟವರು ಬಂಧುಬಳಗವನ್ನೇ ಕಳೆದುಕೊಳ್ಳಬೇಕೆ?

ಶಾಸನವು ಏನನ್ನು ಕೇಳುವುದೆಂಬುದನ್ನಾದರೂ ನೋಡೋಣ. 1955ರ ಹಿಂದೂ ವಿವಾಹ ಶಾಸನದ 7ನೆಯ ವಿಧಿಯು ವಧೂವರರಲ್ಲಿ ಒಬ್ಬರ ಕಡೆಯ ಸಂಪ್ರದಾಯದ ಕರ್ಮಗಳು ನಡೆದರೆ ಸಾಕೆನ್ನುವುದು. ಸಪ್ತಪದಿಯಿರುವಲ್ಲಿ ಏಳನೆಯ ಹೆಜ್ಜೆಯಿಟ್ಟೊಡನೆ ವಿವಾಹವು ಪೂರ್ಣವಾಯಿತೆನ್ನುವುದು. ಆ ಏಳು ಹೆಜ್ಜೆಗಳನ್ನು ಕಣಿವೆಯ ಅಂಚಿನಲ್ಲಿಯೇ ಇಡಬೇಕೆಂದು ಎಲ್ಲಿಯೂ ಹೇಳಿಲ್ಲ. ಹಾಡು ಕುಣಿತಗಳಿಗೂ ಊಟ ಪಾನಗಳಿಗೂ ಒಂದು ನೆವವಲ್ಲ ಮದುವೆ ಎಂಬರ್ಥದ ಮಾತನ್ನು 2024ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವೇ ಆಡಬೇಕಾಗಿ ಬಂದಿತು. ಮನೆಯ ಹಿರಿಯರು ಹೇಳಬೇಕಾದ ಬುದ್ಧಿಯನ್ನು ನ್ಯಾಯಾಧೀಶರು ಹೇಳುವ ಕಾಲ ಬಂದುದು ಹಿರಿಯರಾದ ನಮಗೆ ಭೂಷಣವೆ?

ಈ ಚಿತ್ರದ ಹಂಬಲವು ಮದುವೆಯ ದಿನಕ್ಕಾಗಿಯೂ ಕಾಯುವುದಿಲ್ಲ. ವಾರಗಳ ಮುಂಚೆಯೇ ವಧೂವರರು ಸಿಂಗರಿಸಿಕೊಂಡು ರಮ್ಯಸ್ಥಳಗಳಿಗೆ ಹೊರಡುವರು. ನಮ್ಮ ಹಾಸನ ಜಿಲ್ಲೆಯಲ್ಲಿ ಅವರಿಗೆ ಪ್ರಿಯವಾದುದು ಶೆಟ್ಟಿಹಳ್ಳಿಯ ಪಾಳು ಇಗರ್ಜಿ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಆ ಗುಡಿಯು ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟನ್ನು ಕಟ್ಟಿದ ಮೇಲೆ ಜಲಾಶಯದ ಪಾಲಾಯಿತು. ಹಿನ್ನೀರು ಏರಿದಾಗ ಅರ್ಧ ಮುಳುಗುವುದು, ಇಳಿದಾಗ ಮೇಲೇಳುವುದು. ಸುತ್ತಣ ಜನರು ಮನೆ ಹೊಲಗಳನ್ನು ಬಿಟ್ಟು ಬೇರೆಡೆ ನೆಲಸಿದರು. ಅವರ ಮದುವೆಗಳು ನಡೆಯುತ್ತಿದ್ದುದು ಆ ಗುಡಿಯಲ್ಲಿಯೇ ಅಲ್ಲವೇ? ಒಂದು ಊರಿನ ಮಂಗಳಕಾರ್ಯಗಳೆಲ್ಲ ನೀರಿನಲ್ಲಿ ಮುಳುಗಿದ ಆ ಗೋಡೆಗಳ ಮುಂದೆ ನಿಂತು ನಗುವವರಿಗೆ ಅದರ ಕಥೆಯನ್ನು ಕೇಳುವಷ್ಟು ವ್ಯವಧಾನವಿದ್ದರೆ ನನ್ನ ಆಕ್ಷೇಪಣೆಯಿಲ್ಲ. ಕಥೆ ಬೇಡ, ಕಮಾನು ಮಾತ್ರ ಸಾಕೆಂಬವರಿಗೆ ಆ ಗುಡಿಯೂ ಒಂದೇ, ಬಣ್ಣ ಬಳಿದ ನಾಟಕದ ಪರದೆಯೂ ಒಂದೇ.

“ಹಣ ನಮ್ಮದು, ಮದುವೆ ನಮ್ಮದು; ಜೀವಮಾನಕ್ಕೊಮ್ಮೆ ಬರುವ ದಿನದ ನೆನಪು ಸುಂದರವಾಗಿರಬಾರದೆ?” ಎಂದು ತರುಣರು ಕೇಳುವರು. ಕೇಳತಕ್ಕ ಪ್ರಶ್ನೆಯೇ. ಆದರೆ ಹಣವು ಎಷ್ಟೋ ವೇಳೆ ಅವರದಲ್ಲ. ಕನ್ಯೆಯ ತಂದೆ ಮಾಡಿದ ಸಾಲ. ಒಬ್ಬ ಅನುಕೂಲಸ್ಥನು ಘಟ್ಟದ ಮೇಲೆ ಮದುವೆ ಮಾಡಿದರೆ, ಅವನ ಚಿತ್ರಗಳನ್ನು ಕಂಡ ಹತ್ತು ಮನೆಗಳವರು ಅಲ್ಲಿಗೇ ಏಣಿ ಹಾಕುವರು. ಮದುವೆಯೂ ಇಬ್ಬರದಲ್ಲ. ಇಬ್ಬರದಾಗಿದ್ದರೆ ಸಾಕ್ಷಿಗಳೇಕೆ, ಅಕ್ಷತೆಯೇಕೆ? ನಾಳೆ ಆ ದಂಪತಿಗಳಿಗೆ ಕಷ್ಟ ಬಂದಾಗ ಬಾಗಿಲು ತಟ್ಟುವುದು ಬೆಟ್ಟವಲ್ಲ, ನೆರೆಮನೆಯವರು. ಆ ನೆರೆಮನೆಯವರೇ, ಅಷ್ಟು ದೂರ ಬಸ್ಸಿಲ್ಲವೆಂದು, ಮದುವೆಗೆ ಬಂದಿರಲಿಲ್ಲ!

ಸೌಂದರ್ಯಕ್ಕೆ ವೆಚ್ಚವೇ ಬೇಕೆಂಬುದೂ ಸುಳ್ಳು. ಕುವೆಂಪು ಅವರು 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ಆಡಂಬರವಿಲ್ಲದ ಮಂತ್ರಮಾಂಗಲ್ಯದ ಕ್ರಮದಲ್ಲಿ ನೆರವೇರಿಸಿದರು. ಇಂದಿಗೂ ಆ ಕ್ರಮದಲ್ಲಿ ಮದುವೆಯಾಗುವವರಿರುವರು. ಅದನ್ನು ಸುಂದರವಲ್ಲವೆನ್ನುವ ಧೈರ್ಯ ಯಾರಿಗಿದೆ?

ಆದಕಾರಣ ಮದುವೆಯ ಸ್ಥಳವನ್ನು ನೋಡಹೋಗುವ ತಂದೆತಾಯಿಗಳಲ್ಲಿ ನನ್ನದೊಂದು ಬಿನ್ನಹ. ಬೆಳಕು ಯಾವ ಕಡೆಯಿಂದ ಬೀಳುವುದೆಂದು ಕೇಳುವುದಕ್ಕೆ ಮೊದಲು, ಮನೆಯ ಅಜ್ಜಿ ಅಲ್ಲಿಯ ಮೆಟ್ಟಿಲನ್ನು ಹತ್ತಬಲ್ಲರೇ ಎಂದು ಕೇಳಿರಿ. ದಿನಗೂಲಿಯ ನೆಂಟನು ಉಂಡು ಸಂಜೆಯೊಳಗೆ ಊರು ಸೇರಬಲ್ಲನೇ ಎಂದು ಕೇಳಿರಿ. ಮಿಕ್ಕ ಅನ್ನವೂ ಎಂಜಲೆಲೆಯೂ ಯಾವ ಹಳ್ಳಕ್ಕೆ ಬೀಳುವುವೆಂದು ಕೇಳಿರಿ. ಇವಕ್ಕೆ ಸರಿಯಾದ ಉತ್ತರ ದೊರೆತ ಸ್ಥಳದಲ್ಲಿ ಬೆಟ್ಟವಿದ್ದರೆ ಸಂತೋಷ, ಇಲ್ಲದಿದ್ದರೂ ಕೊರತೆಯಿಲ್ಲ. ಛಾಯಾಚಿತ್ರಗಾರನೂ ಬರಲಿ, ಅವನ ಕಸುಬನ್ನು ನಾನು ಹಳಿಯುವವನಲ್ಲ. ಆದರೆ ಧಾರೆಯನ್ನು ಒಮ್ಮೆ ಮಾತ್ರ ಎರೆಯಿರಿ. ಆ ತಾಯಿಯ ಕಣ್ಣೀರು ಚಿತ್ರದಲ್ಲಿ ಬಿದ್ದರೆ ಬೀಳಲಿ; ಬೀಳದಿದ್ದರೆ, ಎದುರಿಗೆ ಕುಳಿತ ಜನರ ನೆನಪಿನಲ್ಲಿ ಉಳಿಯಲಿ.