ಹೆರಿಗೆ ನೋವು ತಡೆಯುವ ಮಾತ್ರೆ: ಎಷ್ಟು ದಿನ?

ಕುಬಸ ಮುಗಿಸಿ ದಾವಣಗೆರೆಯಿಂದ ಹರಿಹರದ ತವರಿಗೆ ಹೊರಡುವಾಗ ಸೀರೆ, ಬಳೆ ಜೊತೆ ಡಾಕ್ಟರ ಚೀಟಿಯೂ ಬ್ಯಾಗಿಗೆ ಸೇರುತ್ತದೆ, ಅಲ್ವೇ? 'ಹೊಟ್ಟೆ ಬಿಗಿದುಕೊಂಡಾಗ ಕೊಟ್ಟ ಮಾತ್ರೆ, ಮುಂದುವರಿಸಿದ್ರೆ ಒಳ್ಳೇದೇ' ಅಂತ ಹಳೇ ಚೀಟಿ ತೋರಿಸಿ ಮತ್ತೆ ಕೊಳ್ಳುವ ಮುನ್ನ ಸ್ವಲ್ಪ ತಡೆಯಿರಿ.

37 ವಾರ ತುಂಬುವ ಮೊದಲೇ ನೋವು ಬಂದರೆ ಗರ್ಭಕೋಶ ಸಡಿಲಗೊಳಿಸಲು ಈ ಔಷಧಿ ಕೊಡುತ್ತಾರೆ. ಇದರ ಮುಖ್ಯ ಉದ್ದೇಶ ಒಂಬತ್ತು ತಿಂಗಳು ತುಂಬಿಸುವುದಲ್ಲ, ಸುಮಾರು 48 ಗಂಟೆ ಸಮಯ ಗಳಿಸುವುದು. ಅಷ್ಟರಲ್ಲಿ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮಗುವಿನ ಶ್ವಾಸಕೋಶ ಬಲಿಯುತ್ತದೆ. ಇದರಿಂದ ನವಜಾತ ಶಿಶುಗಳ ಸಾವು ಕಡಿಮೆಯಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ 2020ರಲ್ಲಿ ತೋರಿಸಿತು. ನಮ್ಮ ಬೆಳಗಾವಿಯ ತಾಯಂದಿರೂ ಅದರಲ್ಲಿದ್ದರು.

ಹಾಗಾದರೆ ತೊಂದರೆ ಎಲ್ಲಿ? ಟರ್ಬುಟಲಿನ್ ಮಾತ್ರೆಯನ್ನು ಅವಧಿಪೂರ್ವ ನೋವಿಗೆ ಬಳಸಲೇಬಾರದು, ಇಂಜೆಕ್ಷನ್ನನ್ನೂ 48ರಿಂದ 72 ಗಂಟೆ ಮೀರಿ ಕೊಡಬಾರದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಎಚ್ಚರಿಸಿತು. ಕಾರಣ, ತಾಯಂದಿರಿಗೆ ಹೃದಯದ ತೊಂದರೆ ಮತ್ತು ಸಾವು. 2013ರಲ್ಲಿ ಯುರೋಪ್ ಕೂಡ ಈ ಗುಂಪಿನ ಮಾತ್ರೆಗಳನ್ನು ಈ ಬಳಕೆಯಿಂದ ಕೈಬಿಟ್ಟಿತು. ನಮ್ಮಲ್ಲಿ ಬಳಕೆಯಲ್ಲಿರುವ ಐಸೊಕ್ಸುಪ್ರಿನ್ ಕೂಡ ಹೆಚ್ಚುಕಡಿಮೆ ಅದೇ ಬಗೆಯದು. ಎದೆ ಡವಡವ, ಕೈನಡುಕ, ಬಿ.ಪಿ. ಇಳಿಯುವುದು ಇದರಿಂದ ಆಗಬಹುದು. ಅಪರೂಪಕ್ಕೆ ಶ್ವಾಸಕೋಶದಲ್ಲಿ ನೀರು ತುಂಬಿ ಜೀವಕ್ಕೇ ಕುತ್ತು.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೆಲವು ಷರತ್ತು ಹಾಕಿ ನಿಫೆಡಿಪಿನ್‌ಗೆ ಒಪ್ಪಿಗೆ ಕೊಟ್ಟಿತು. ಇದರಲ್ಲೂ ತಲೆನೋವು, ತಲೆಸುತ್ತು, ಬಿ.ಪಿ. ಇಳಿಕೆ ಉಂಟು. ಆಸ್ಪತ್ರೆಯ ನಿಗಾ ಬೇಕೇಬೇಕು.

ನೀವೇನು ಮಾಡಬೇಕು?

* 'ಈ ಮಾತ್ರೆ ಎಷ್ಟು ದಿನ? ಯಾವತ್ತು ನಿಲ್ಲಿಸಬೇಕು?' ಅಂತ ಕೇಳಿ, ಚೀಟಿಯಲ್ಲೇ ಬರೆಸಿಕೊಳ್ಳಿ.

* ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಥೈರಾಯ್ಡ್ ಇದ್ದರೆ ಮೊದಲೇ ಹೇಳಿ. ಅವಳಿ ಮಕ್ಕಳಿದ್ದರೂ ಹೇಳಿ.

* ಈಗಾಗಲೇ ನುಂಗುತ್ತಿದ್ದರೆ ಗಾಬರಿಬಿದ್ದು ನೀವಾಗಿಯೇ ಬಿಡಬೇಡಿ. ಇವತ್ತೇ ಡಾಕ್ಟರನ್ನು ಕೇಳಿ.

* ಉಸಿರು ಕಟ್ಟಿದ ಹಾಗಾದರೆ, ಎದೆ ನೋವು ಬಂದರೆ, ನೀರು ಹೋದರೆ, ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಹರಿಹರದಿಂದ ದಾವಣಗೆರೆ ದೊಡ್ಡ ದೂರವೇನಲ್ಲ. ಎಳೆ ಕೂಸಿನ ಆರೈಕೆಗೆ ಸೌಕರ್ಯ ಇರುವ ಆಸ್ಪತ್ರೆಗೆ ಮಗುವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ತಲುಪುವುದು ಲೇಸು. ಮಾತ್ರೆ ಗಳಿಸಿಕೊಟ್ಟ ಆ ಎರಡು ದಿನವನ್ನು ಮನೆಯಲ್ಲಿ ಮಲಗಿ ಕಳೆಯಬೇಡಿ.