ಗೆಲ್ಲೋದು ಯಾರು, ಹೇಳಿ ನೋಡೋಣ?

ಪರೀಕ್ಷೆ ಬರೆದು ಬಂದ ಮೊಮ್ಮಗ ಚೀಲ ಎಸೆದು, "ತೊಂಬತ್ತು ಗ್ಯಾರಂಟಿ!" ಅನ್ನುತ್ತಾನೆ. ಅಜ್ಜಿ ಆಕಾಶ ನೋಡಿ, "ಇವತ್ತು ಮಳೆ ಬರಲ್ಲ, ಹಪ್ಪಳ ಒಣಗಲು ಹಾಕು" ಅನ್ನುತ್ತಾರೆ. ಊಹೆ ಮಾಡದ ಮನೆಯೇ ಇಲ್ಲ. ಹಪ್ಪಳ ನೆನೆದ ಸಂಜೆ ಮಾತ್ರ ಬೆಳಗಿನ ಮಾತನ್ನು ಯಾರೂ ಎತ್ತುವುದಿಲ್ಲ!

ಅಮೆರಿಕದಲ್ಲಿ ಪ್ರತಿವರ್ಷ ಇಂಥದೇ ಒಂದು ಊಹೆಯ ಆಟ ನಡೆಯುತ್ತದೆ. ಅಲ್ಲಿ ಟಿ.ವಿ. ಕಾರ್ಯಕ್ರಮಗಳಿಗೆ ಕೊಡುವ ದೊಡ್ಡ ಪ್ರಶಸ್ತಿಯ ಹೆಸರು 'ಎಮ್ಮಿ'. 1949ರಲ್ಲಿ ಶುರುವಾದದ್ದು. ನಟರು, ಬರಹಗಾರರು, ಕ್ಯಾಮೆರಾದವರು, ಉಡುಪು ಸಿದ್ಧಪಡಿಸುವವರು ಹೀಗೆ ಟಿ.ವಿ.ಯಲ್ಲೇ ದುಡಿಯುವ 20,000ಕ್ಕೂ ಹೆಚ್ಚು ಜನರ ಸಂಸ್ಥೆಯೊಂದು ಮತ ಹಾಕಿ ಗೆದ್ದವರನ್ನು ಆರಿಸುತ್ತದೆ. ವರ್ಷದ ಅತ್ಯುತ್ತಮ ಹಾಸ್ಯ ಸರಣಿ ಯಾವುದಾಗಬಹುದು ಎಂದು ಪತ್ರಿಕೆಗಳು ವಾರಗಟ್ಟಲೆ ಮೊದಲೇ ಲೆಕ್ಕ ಹಾಕುತ್ತವೆ.

ಮಕ್ಕಳೇ, ಈಗ ನೀವೂ ಒಂದು ಚೀಟಿ ಹಿಡಿದುಕೊಳ್ಳಿ. 2024ರ ಸೆಪ್ಟೆಂಬರ್‌ಗೆ ಹೋಗೋಣ. ಕಣದಲ್ಲಿ ಎಂಟು ಸರಣಿಗಳಿವೆ. ಅವುಗಳಲ್ಲಿ ಎರಡರ ಕಥೆ ಕೇಳಿ. ಇವು ದೊಡ್ಡವರಿಗಾಗಿ ಮಾಡಿದ ಸರಣಿಗಳು, ನಿಮಗೆ ಕಥೆ ಸಾಕು.

ಒಂದು, 'ದಿ ಬೇರ್'. ಅಣ್ಣ ತೀರಿಕೊಂಡ ಮೇಲೆ ಅವನ ಪುಟ್ಟ ಸ್ಯಾಂಡ್‌ವಿಚ್ ಅಂಗಡಿ ನಡೆಸಲು ಷಿಕಾಗೋಗೆ ಮರಳುವ ಬಾಣಸಿಗನ ಕಥೆ. ಇನ್ನೊಂದು, 'ಹ್ಯಾಕ್ಸ್'. ವಯಸ್ಸಾದ ಹಾಸ್ಯಗಾರ್ತಿಯೊಬ್ಬಳಿಗೆ ನಗೆಮಾತು ಬರೆದುಕೊಡಲು ಬರುವ ಹುಡುಗಿಯ ಕಥೆ.

ಈಗ ಸುಳಿವುಗಳು. ಹಿಂದಿನ ಸಲದ ಪ್ರಶಸ್ತಿ ಗೆದ್ದದ್ದು 'ದಿ ಬೇರ್'. ಈ ಸಲ ಬೇರೆ ಬೇರೆ ವಿಭಾಗಗಳಲ್ಲಿ ಅದಕ್ಕೆ 23 ನಾಮನಿರ್ದೇಶನ. ಒಂದೇ ವರ್ಷದಲ್ಲಿ ಅಷ್ಟು ಪಡೆದ ಹಾಸ್ಯ ಸರಣಿ ಅಲ್ಲಿಯವರೆಗೆ ಇರಲಿಲ್ಲ. ಗೆದ್ದವರನ್ನೇ ಮತ್ತೆ ಗೆಲ್ಲಿಸುವ ಅಭ್ಯಾಸವೂ ಎಮ್ಮಿಗೆ ಇದೆ. 'ಫ್ರೇಸಿಯರ್' 1994ರಿಂದ 1998ರವರೆಗೆ, 'ಮಾಡರ್ನ್ ಫ್ಯಾಮಿಲಿ' 2010ರಿಂದ 2014ರವರೆಗೆ, ಐದೈದು ವರ್ಷ ಸಾಲಾಗಿ ಗೆದ್ದಿದ್ದವು.

ಚೀಟಿಯಲ್ಲಿ ಏನು ಬರೆದಿರಿ? 'ದಿ ಬೇರ್' ತಾನೇ? ನಾನೂ ಅದನ್ನೇ ಬರೆಯುತ್ತಿದ್ದೆ. ಹೆಚ್ಚಿನ ಪಂಡಿತರೂ ಅದನ್ನೇ ಹೇಳಿದ್ದರು. ಕೂಸು ಹುಟ್ಟುವ ಮೊದಲೇ ಕುಲಾವಿ ಸಿದ್ಧವಾಗಿತ್ತು.

ಆ ಸಂಜೆ ಲಾಸ್ ಏಂಜಲೀಸ್‌ನಲ್ಲಿ ಸಮಾರಂಭ ನಡೆಸಿಕೊಟ್ಟವರು ತಂದೆ-ಮಗ: ಯೂಜೀನ್ ಲೆವಿ ಮತ್ತು ಡ್ಯಾನ್ ಲೆವಿ. ಪ್ರಶಸ್ತಿಗಳು ಒಂದೊಂದಾಗಿ 'ದಿ ಬೇರ್' ಪಾಲಾದವು. ನಾಯಕ ನಟ, ಪೋಷಕ ನಟ, ಪೋಷಕ ನಟಿ, ನಿರ್ದೇಶಕ ಎಲ್ಲವೂ ಅದಕ್ಕೇ. ಆ ವರ್ಷದ ಒಟ್ಟು ಲೆಕ್ಕ 11, ಅದೂ ದಾಖಲೆ. ಕೊನೆಗೆ ಅತ್ಯುತ್ತಮ ಹಾಸ್ಯ ಸರಣಿಯ ಲಕೋಟೆ ತೆರೆದರು. ಅದರಲ್ಲಿದ್ದ ಹೆಸರು 'ಹ್ಯಾಕ್ಸ್'! ಪಂಡಿತರ ಹಪ್ಪಳ ನೆನೆದುಹೋಯಿತು.

ಯಾಕೆ ಹೀಗಾಯಿತು? 'ದಿ ಬೇರ್' ನಗಿಸುವುದಕ್ಕಿಂತ ಎದೆ ಬಿಗಿ ಹಿಡಿಸುವುದೇ ಹೆಚ್ಚು, ಅದು ಹಾಸ್ಯವೇ ಅಲ್ಲ ಎಂದು ಹಲವರ ತಕರಾರಿತ್ತು. ಆ ಸಂಜೆ ಶುರುವಿನಲ್ಲೇ ಲೆವಿ ಅಪ್ಪ-ಮಗ ಇದನ್ನು ಹಿಡಿದುಕೊಂಡು, ಆ ಸರಣಿಗೆ ಗೌರವ ಸೂಚಿಸಲು ತಾವು ಜೋಕು ಹೇಳುವುದಿಲ್ಲ ಎಂದು ಹೇಳಿ ಸಭೆಯನ್ನು ನಗಿಸಿದ್ದರು. ಇನ್ನೊಂದು ಕಾರಣವೂ ಇರಬಹುದು. 'ದಿ ಬೇರ್'ನ ಸ್ಪರ್ಧೆಗಿದ್ದ ಭಾಗ ಬಂದದ್ದು 2023ರ ಜೂನ್‌ನಲ್ಲಿ, 'ಹ್ಯಾಕ್ಸ್' ಬಂದದ್ದು 2024ರ ಮೇನಲ್ಲಿ. ಮತ ಹಾಕುವವರ ಮನಸ್ಸಿನಲ್ಲಿ ಎರಡನೆಯದು ಇನ್ನೂ ಬಿಸಿಬಿಸಿಯಾಗಿತ್ತು.

ಆದರೆ ಯಾರಿಗೆ ಎಷ್ಟು ಮತ ಬಿತ್ತೆಂದು ಆ ಸಂಸ್ಥೆ ಪ್ರಕಟಿಸುವುದಿಲ್ಲ. ಹಾಗಾಗಿ ಊಹೆ ತಪ್ಪಿದ ಮೇಲೆ ನಾವು ಹೇಳುವ ಕಾರಣವೂ ಊಹೆಯೇ.

ಹಿರಿಯರಿಗೆ ಒಂದು ಮಾತು. 'ಹ್ಯಾಕ್ಸ್'ನ ಹಾಸ್ಯಗಾರ್ತಿ ಡೆಬೊರಾ ವ್ಯಾನ್ಸ್‌ಳ ನಗೆಮಾತು ಹಳಸಿದೆ ಅನ್ನುವುದು ಹುಡುಗಿಯ ದೂರು. ಈ ಹುಡುಗಿಗೆ ಜೀವನವೇ ಗೊತ್ತಿಲ್ಲ ಅನ್ನುವುದು ಹಿರಿಯಳ ದೂರು. ಜಗಳ ಮುಗಿಯುವುದಿಲ್ಲ, ಒಬ್ಬರನ್ನು ಬಿಟ್ಟು ಒಬ್ಬರಿಗೆ ಆಗುವುದೂ ಇಲ್ಲ. ಎಲ್ಲೋ ನೋಡಿದ ಹಾಗಿದೆ ಅಲ್ಲವೇ? ಡೆಬೊರಾ ಪಾತ್ರಕ್ಕೆ ಅತ್ಯುತ್ತಮ ನಟಿ ಪ್ರಶಸ್ತಿ ಪಡೆದ ಜೀನ್ ಸ್ಮಾರ್ಟ್‌ಗೆ ಎರಡು ದಿನಗಳ ಹಿಂದಷ್ಟೇ 73 ತುಂಬಿತ್ತು.

ಹಾಗಾದರೆ ಸುಳಿವುಗಳಿಗೆ ಬೆಲೆಯೇ ಇಲ್ಲವೇ? ಇದೆ. ಮರುವರ್ಷ 2025ರಲ್ಲಿ 'ದಿ ಸ್ಟುಡಿಯೋ' ಎಂಬ ಸರಣಿಗೂ ಸರಿಯಾಗಿ 23 ನಾಮನಿರ್ದೇಶನ ಬಂತು. ಅದೇ ಗೆಲ್ಲುತ್ತದೆ ಎಂದರು. ಗೆದ್ದೇಬಿಟ್ಟಿತು, ಒಟ್ಟು 13 ಪ್ರಶಸ್ತಿಗಳೊಂದಿಗೆ! ಅದೇ ಸುಳಿವು ಒಂದು ವರ್ಷ ಕೈಕೊಟ್ಟಿತು, ಮರುವರ್ಷ ಕೈಹಿಡಿಯಿತು. ಸುಳಿವು ದಾರಿ ತೋರಿಸುತ್ತದೆ, ಊರು ತಲುಪಿಸುವ ಭರವಸೆ ಕೊಡುವುದಿಲ್ಲ. ಅದಕ್ಕೇ 'ಬಹುಶಃ' ಎಂಬ ಪದ ಹೇಡಿಗಳದ್ದಲ್ಲ, ಲೆಕ್ಕ ಬಲ್ಲವರದ್ದು.

ಈ ವಾರ ಮನೆಯಲ್ಲಿ ಒಂದು ಆಟ ಆಡಿ. ಕ್ರಿಕೆಟ್ ಪಂದ್ಯವೋ, ಶಾಲೆಯ ನಾಟಕ ಸ್ಪರ್ಧೆಯೋ, ನಾಳಿನ ಮಳೆಯೋ, ಯಾವುದಾದರೂ ಸರಿ. ಅಜ್ಜ, ಅಜ್ಜಿ, ಮಕ್ಕಳು ಎಲ್ಲರೂ ಚೀಟಿಯಲ್ಲಿ ಮೂರು ಸಾಲು ಬರೆಯಬೇಕು. ಏನಾಗುತ್ತದೆ? ಯಾಕೆ ಹಾಗನ್ನಿಸುತ್ತದೆ? ಹತ್ತಕ್ಕೆ ಎಷ್ಟು ಖಾತ್ರಿ? ಚೀಟಿಗಳನ್ನು ಡಬ್ಬಿಗೆ ಹಾಕಿ ಮುಚ್ಚಿಡಿ. ಫಲಿತಾಂಶ ಬಂದ ಮೇಲೆ ಎಲ್ಲರೆದುರು ಬಿಚ್ಚಿ ಓದಿ.

ಊಹೆ ಸರಿಯಾದವರಿಗೆ ಒಂದು ಚಪ್ಪಾಳೆ. "ನನ್ನದು ತಪ್ಪಾಯ್ತು, ಇಲ್ಲಿ ಎಡವಿದೆ" ಎಂದು ನಗುತ್ತಾ ಹೇಳಿದವರಿಗೆ ಎರಡು. ಅಜ್ಜಿ ಮೊದಲು ಹೇಳಿದರೆ ಮೊಮ್ಮಗನೂ ಕಲಿಯುತ್ತಾನೆ.